ಎಂಬತ್ತನೇ ಅಕ್ಷರದ ಆಚೆ

ಎಲ್ಲರೂ ತಮಗೆ ಬೇಕಾದ್ದನ್ನು ಆರಿಸಲೆಂದು ಸ್ಯಾಂಪಲ್ ಮಾನಿಟರುಗಳನ್ನು ಇಟ್ಟಿದ್ದ ಕೋಣೆ ಯಾವಾಗ ಖಾಲಿಯಾಗುತ್ತದೋ ಎಂದು ಅವನು ಬೆಳಿಗ್ಗೆಯಿಂದ ಹೊಂಚು ಹಾಕುತ್ತಿದ್ದ. ಅದು ಖಾಲಿಯಾಗುವ ಲಕ್ಷಣವೇ ಇರಲಿಲ್ಲ. ಒಬ್ಬರು ಹೊರಬಂದರೆ ಇಬ್ಬರು ಒಳಗೆ. ಚಪ್ಪಲಿ ಅಂಗಡಿಯಲ್ಲಿ ಒಂದೊಂದೇ ಜೋಡಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುವವರ ಹಾಗೆ, ಜನ ಒಂದೊಂದು ಪರದೆಯ ಮುಂದೆಯೂ ಕೂತು, ಕುರ್ಚಿ ಹಿಂದೆ ಮುಂದೆ ಮಾಡಿ, ಕತ್ತು ಆಡಿಸಿ, ಎದ್ದು, ಮತ್ತೆ ಮೊದಲಿನದಕ್ಕೇ ಬಂದು ಕೂರುತ್ತಿದ್ದರು. ಗಾಜಿನ ಗೋಡೆಯಾದ್ದರಿಂದ ಹೊರಗಿನಿಂದ ಎಲ್ಲ ಕಾಣುತ್ತಿತ್ತು, ಕಾಣುವವರಿಗೆ. ಅವನಿಗೆ ಅಲ್ಲಿ ಯಾರೋ ಇದ್ದಾರೆ ಎನ್ನುವಷ್ಟು ಗೊತ್ತಾಗುತ್ತಿತ್ತು. ಯಾರು ಎನ್ನುವುದನ್ನು ನಡಿಗೆಯಿಂದಲೋ ನಗುವಿನಿಂದಲೋ ಊಹಿಸಬೇಕಿತ್ತು. ಊಹಿಸುವುದರಲ್ಲಿ ಅವನು ಈಚೆಗೆ ಪಳಗಿದ್ದ. ಎದುರಿಗೆ ಬರುವವರನ್ನು ಗುರುತಿಸುವ ಮೊದಲೇ ಮುಗುಳ್ನಕ್ಕುಬಿಡುವುದು, ಅವರು ಬಾಯಿ ಬಿಟ್ಟ ಮೇಲೆ ಯಾರೆಂದು ತಿಳಿದುಕೊಳ್ಳುವುದು. ಈಚೀಚೆಗೆ ಎಂಬತ್ತು ಸಾರ್ ಎಷ್ಟು ಮೃದುವಾಗಿದ್ದಾರೆ, ಕಂಡಕಂಡವರಿಗೆಲ್ಲ ನಗುತ್ತಾರೆ ಎಂದು ಯಾರೋ ಹೇಳಿದ್ದೂ ಅವನ ಕಿವಿಗೆ ಬಿದ್ದಿತ್ತು.

ಎಂಬತ್ತು ಅವನ ವಯಸ್ಸಲ್ಲ. ಐವತ್ತೂ ಆಗಿರಲಿಲ್ಲ. ಈ ಆಫೀಸಿಗೆ ಸೇರಿದ ಹೊಸತರಲ್ಲಿ ಅವನೇ ತಂದ ನಿಯಮ ಅದು: ಕಂಪ್ಯೂಟರಿಗೆ ಬರೆಯುವ ಕೋಡಿನ ಒಂದು ಸಾಲಿನಲ್ಲಿ ಎಂಬತ್ತು ಅಕ್ಷರಕ್ಕಿಂತ ಹೆಚ್ಚು ಇರಬಾರದು. ಸಾಲು ಉದ್ದವಾದರೆ ಮುರಿದು ಕೆಳಗೆ ಬರೆಯಿರಿ, ಮುರಿಯಲಿಕ್ಕೆ ಆಗದಿದ್ದರೆ ನಿಮ್ಮ ಯೋಚನೆಯೇ ಗೋಜಲಾಗಿದೆ ಎಂದರ್ಥ, ಎಂದು ಅವನು ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಬರೆದು ವಾದಿಸಿದ್ದ. ಆಗ ಅವನ ಕಣ್ಣು ಗಿಡುಗನ ಕಣ್ಣು. ಮೀಟಿಂಗ್ ಕೋಣೆಯ ಕೊನೆಯ ಕುರ್ಚಿಯಿಂದಲೇ ಇನ್ನೊಬ್ಬರ ಪರದೆಯಲ್ಲಿ ಬಿಟ್ಟುಹೋದ ಒಂದು ಚುಕ್ಕೆಯನ್ನು ತೋರಿಸಿ ಮುಜುಗರ ಮಾಡಿದ್ದ. ಆವಾಗ ಅದು ಬರೀ ಸಿದ್ಧಾಂತ. ಆ ಸಿದ್ಧಾಂತ ಯಾವ ದಿನ ಊರುಗೋಲಾಯಿತು ಎಂದು ಕೇಳಿದರೆ ಹೇಳುವುದು ಅವನಿಗೂ ಕಷ್ಟ. ಎಡಗಣ್ಣಿನ ನಡುವೆ, ಸರಿಯಾಗಿ ನೋಡಬೇಕಾದ ಜಾಗದಲ್ಲೇ, ಬೆರಳು ತಾಗಿದ ಕನ್ನಡಕದ ಹಾಗೆ ಒಂದು ಮಬ್ಬು ಬಂದು ಕೂತಿತು. ಕನ್ನಡಕ ಒರೆಸಿದ. ಮಬ್ಬು ಹೋಗಲಿಲ್ಲ. ಆಮೇಲೆ ಬಲಗಣ್ಣಿನಲ್ಲೂ ಅದರ ತಂಗಿಯಂಥದ್ದೊಂದು. ಕಣ್ಣಿನ ಡಾಕ್ಟರು ಚೌಕುಳಿ ಗೆರೆಗಳ ಚೀಟಿಯೊಂದನ್ನು ತೋರಿಸಿ ಯಾವ ಗೆರೆ ಡೊಂಕಾಗಿ ಕಾಣುತ್ತೆ ಎಂದು ಕೇಳಿದರು, ಇವನು ತೋರಿಸಿದ, ಅವರು ತಲೆಯಾಡಿಸಿದರು. “ಕೆಲಸ ಬಿಡೋ ಅಂಥದ್ದೇನಿಲ್ಲ. ಅಕ್ಷರ ದೊಡ್ಡದು ಮಾಡ್ಕೊಳ್ಳಿ, ಬೆಳಕು ಚೆನ್ನಾಗಿರ್ಲಿ, ಆಫೀಸಲ್ಲಿ ಒಂದು ಮಾತು ಹೇಳಿಬಿಡಿ” ಎಂದರು. ಮೊದಲಿನ ಎರಡನ್ನು ಅವನು ಚಾಚೂ ತಪ್ಪದೆ ಮಾಡಿದ.

ಅಕ್ಷರವನ್ನು ಒಂದು ಅಳತೆ ಹಿಗ್ಗಿಸಿದಾಗಲೆಲ್ಲ ಸಾಲಿನ ಬಲತುದಿ ಪರದೆಯ ಅಂಚಿಗೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಕೊನೆಗೊಂದು ದಿನ ಎಂಬತ್ತನೇ ಅಕ್ಷರ ಅಂಚಿಗೆ ಸರಿಯಾಗಿ ಬಂದು ನಿಂತಿತು, ಎಂಬತ್ತೊಂದನೆಯದಕ್ಕೆ ಜಾಗವಿಲ್ಲ. ಅವನಿಗೆ ವಿಚಿತ್ರವಾದ ಖುಷಿಯಾಗಿತ್ತು, ತಾನೇ ಹೊಲಿದ ಅಂಗಿ ತನಗೇ ಸರಿಯಾಗಿ ಕೂತ ಹಾಗೆ. ಉದ್ದ ಸಾಲನ್ನು ಪರದೆಯೇ ಮಡಿಸಿ ಕೆಳಗೆ ತೋರಿಸುವ ಒಂದು ಸೌಲಭ್ಯವೂ ಇತ್ತು. ಆದರೆ ಅದನ್ನು ಬಳಸುವವರನ್ನು ಸೋಮಾರಿಗಳು ಎಂದು ಹಂಗಿಸಿದವನು ಅವನೇ. ಈಗ ಅದನ್ನು ಹಾಕಿಕೊಂಡರೆ ಹಿಂದೆ ಹಾದುಹೋಗುವವರು ನೋಡುತ್ತಾರೆ, ಕೇಳುತ್ತಾರೆ. ಹಾಕಿಕೊಳ್ಳಲಿಲ್ಲ.

“ಎಂಬತ್ತು ಸಾರ್, ನಿಮ್ಮೊಬ್ರದ್ದೇ ಬಾಕಿ ನೋಡಿ.” ಅಡ್ಮಿನ್ ಮೇಡಂ. ಅವರ ಧ್ವನಿ ಬಂದ ಮೇಲೆ ಅವರು ಬರುತ್ತಿದ್ದರು. ಕೈಯಲ್ಲಿ ಅಳತೆ ಟೇಪು, ಅದನ್ನು ಚರ್ರೆಂದು ಎಳೆದು ಅವನ ಟೇಬಲ್ಲಿನ ಮೇಲೆ ಅಡ್ಡ ಉದ್ದ ಹಿಡಿದರು. “ಮಧ್ಯಾಹ್ನದ ಮೀಟಿಂಗಿಗೆ ನಾನೇ ಬರ್ತೀನಿ, ಅಲ್ಲೇ ಹೇಳಿಬಿಡ್ಬೇಕು. ಇಪ್ಪತ್ನಾಲ್ಕು ಇಂಚಿಂದು ಬೇಕಾ, ಇಪ್ಪತ್ತೇಳಾ, ಮೂವತ್ತೆರಡಾ, ಇಲ್ಲಾ ಆ ಬಾಗಿರೋದಾ.”

“ನೋಡ್ತೀನಿ ಮೇಡಂ.”

“ಎಷ್ಟು ನೋಡ್ತೀರಿ? ಮನೆಗೆ ಒಯ್ಯೋ ಟಿವಿ ಅಲ್ಲಪ್ಪ. ಒಂದು ಮಾತು, ನಿಮ್ಮ ಟೇಬಲ್ ಆಳ ಕಮ್ಮಿ. ದೊಡ್ಡದು ಇಟ್ರೆ ಮೂಗಿಗೆ ತಾಗುತ್ತೆ.”

ಪಕ್ಕದ ಸಾಲಿನವರು ನಕ್ಕರು, ಅವನೂ ನಕ್ಕ. ಅವರು ಹೋದ ಮೇಲೆ ತನ್ನ ಮೂಗಿಗೂ ಪರದೆಗೂ ಈಗ ಎಷ್ಟು ದೂರವಿದೆ ಎಂದು ಅಂಗೈ ಹಿಡಿದು ನೋಡಿದ. ಗೇಣೂ ಇರಲಿಲ್ಲ. ಯಾವಾಗ ಹೀಗೆ ಬಾಗಿದೆನೋ. ಬೆನ್ನು ನೆಟ್ಟಗೆ ಮಾಡಿದ, ಸಾಲುಗಳು ಇರುವೆ ಸಾಲಾದವು, ಮತ್ತೆ ಬಾಗಿದ.

ನಾಲ್ಕು ಟೇಬಲ್ ಆಚೆ ಗುಬ್ಬಿ ಕೂತಿದ್ದಳು. ಸೇರಿ ಆರು ತಿಂಗಳೂ ಆಗದ ಹುಡುಗಿ, ಸದಾ ಏನಾದರೂ ಕುಕ್ಕಿ ತಿನ್ನುತ್ತಾ, ಅದಕ್ಕಿಂತ ಹೆಚ್ಚು ಮಾತಾಡುತ್ತಾ ಇದ್ದುದರಿಂದ ಆ ಹೆಸರು. ಈ ವಾರ ಆ ಕಡೆಯಿಂದ ಸದ್ದೇ ಇರಲಿಲ್ಲ. ಆ ಸದ್ದಿಲ್ಲದ ಜಾಗವನ್ನು ಅವನ ಕಿವಿ ದಿನವಿಡೀ ಮುಟ್ಟಿ ಮುಟ್ಟಿ ನೋಡುತ್ತಿತ್ತು, ಹಲ್ಲು ಕಿತ್ತ ಜಾಗವನ್ನು ನಾಲಿಗೆ ಮುಟ್ಟುವ ಹಾಗೆ. ಕಳೆದ ತಿಂಗಳು ಮೀಟಿಂಗಿನಲ್ಲಿ ಗಡ್ಡದವನು ಎದ್ದು ನಿಂತು, “ಹೊಸ ಮಾನಿಟರ್ ಬರ್ತಿದೆ ಸಾರ್, ಇನ್ನೂ ಯಾಕೆ ಚಿಕ್ಕ ಬಕೆಟಲ್ಲೇ ಸ್ನಾನ? ಸಾಲು ನೂರಿಪ್ಪತ್ತು ಅಕ್ಷರದ ತನಕ ಹೋಗ್ಲಿ ಬಿಡಿ” ಎಂದಿದ್ದ. ಗಡ್ಡದವನು ಆ ತಂಡದಲ್ಲಿ ಇವನ ನಂತರದ ಹಿರಿಯ, ಅವನ ಮಾತಿಗೆ ತಲೆದೂಗುವವರು ಇದ್ದರು. ಎಲ್ಲರೂ ಕೈ ಎತ್ತಿದರು. ಬೇಡ ಎನ್ನಲಿಕ್ಕೆ ಅವನ ಹತ್ತಿರ ಹಳೆಯ ವಾದಗಳೆಲ್ಲ ಇದ್ದವು, ಆದರೆ ಈಗ ಅವನ್ನು ಆಡಿದರೆ ಧ್ವನಿ ನಡುಗುತ್ತದೆ, ಯಾರಾದರೂ ಮುಖ ನೋಡುತ್ತಾರೆ ಎನಿಸಿ, ಅವನೂ ಕೈ ಎತ್ತಿದ. ಎಂಬತ್ತು ಸಾರೇ ಕೈ ಎತ್ತಿದ್ರು ಎಂದು ಚಪ್ಪಾಳೆ ಬೇರೆ ತಟ್ಟಿದರು.

ಅವರು ಕೋಡು ಬರೆಯುತ್ತಿದ್ದುದು ಹಣ್ಣು ಇಡುವ ಶೀತಲ ಗೋದಾಮುಗಳಿಗೆ. ಕೋಣೆ ಬೆಚ್ಚಗಾದರೆ ಕಾವಲಿನವರ ಫೋನಿಗೆ ಎಚ್ಚರಿಕೆಯ ಗಂಟೆ ಹೋಗಬೇಕು. ಗುಬ್ಬಿ ಆ ಭಾಗವನ್ನು ತಿದ್ದುತ್ತಿದ್ದಳು. ಪರೀಕ್ಷೆ ಮಾಡುವಾಗ ಗಂಟೆ ಕ್ಷಣಕ್ಕೊಮ್ಮೆ ಎಲ್ಲರ ಫೋನಿನಲ್ಲೂ ಹೊಡೆದುಕೊಂಡು ಬೈಸಿಕೊಂಡಳು. ಆಗ ಗಂಟೆ ಹೊಡೆಸುವ ಸಾಲಿನ ಬಾಲಕ್ಕೆ ‘ಸದ್ಯಕ್ಕೆ ಹೊಡೆಯಬೇಡ’ ಎಂಬರ್ಥದ ಒಂದು ತುಂಡನ್ನು ಅಂಟಿಸಿದಳು, ಆಮೇಲೆ ತೆಗೆಯಲು ಮರೆತಳು. ಮರೆಯಲಿ, ಎಲ್ಲರೂ ಮರೆಯುತ್ತಾರೆ, ಅದಕ್ಕೇ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ‘ಸರಿ’ ಒತ್ತಿದ ಮೇಲೆಯೇ ಅದು ಹೊರಗೆ ಹೋಗುವುದು. ಓದಿದವನು ಅವನು. ಒತ್ತಿದವನು ಅವನು. ಆ ವಾರದ ಕೊನೆಗೆ ಎಲ್ಲೋ ಒಂದು ಗೋದಾಮಿನಲ್ಲಿ ಯಂತ್ರ ಕೆಟ್ಟು ಕೋಣೆ ಬೆಚ್ಚಗಾಯಿತು, ಗಂಟೆ ಹೊಡೆಯಲಿಲ್ಲ, ಕೋಣೆ ತುಂಬ ಸೇಬು ಕೊಳೆತವು. ಗಿರಾಕಿ ಕಳಿಸಿದ ಫೋಟೋದಲ್ಲಿ ಪೆಟ್ಟಿಗೆಗಳ ತಳದಿಂದ ಕಂದು ನೀರು ಇಳಿದಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಅವನು ಆ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಆಮೇಲೆ ಆ ಸಾಲನ್ನು ತನ್ನ ಪರದೆಯಲ್ಲಿ ತೆರೆದ. ಸಾಲು ಚೊಕ್ಕವಾಗಿತ್ತು, ಅಂಚಿಗೇ ಅರ್ಥ ಮುಗಿದ ಹಾಗಿತ್ತು. ತಪ್ಪೇ ಇಲ್ಲ. ತಪ್ಪು ಬೇರೆಲ್ಲೋ ಇರಬೇಕು ಎಂದುಕೊಳ್ಳುತ್ತಿದ್ದ ಹಾಗೆ ಕೈ ಮೌಸಿಗೆ ಹೋಯಿತು. ಪರದೆಯನ್ನು ಆಚೀಚೆ ಸರಿಸುವ ಕೆಳಗಿನ ಪಟ್ಟಿ ಹಿಡಿದು ಪಕ್ಕಕ್ಕೆ ಎಳೆದ. ಬಾಗಿಲ ಸಂದಿಯಲ್ಲಿ ಇಷ್ಟು ಹೊತ್ತೂ ನಿಂತು ಇವನ ಮಾತೆಲ್ಲ ಕೇಳಿಸಿಕೊಂಡ ನೆಂಟನ ಹಾಗೆ ಆ ಬಾಲ ಈಚೆಗೆ ಬಂತು.

ಅವನು ಪಟ್ಟಿಯನ್ನು ಮತ್ತೆ ಎಡಕ್ಕೆ ಎಳೆದಿಟ್ಟ. ಯಾರೂ ಕೇಳಲಿಲ್ಲ. ಅದೇ ಅವನಿಗೆ ದೊಡ್ಡ ಪೆಟ್ಟು. ಯಾರಾದರೂ ಒಬ್ಬರು, ನೀವು ಹೇಗೆ ಸರಿ ಒತ್ತಿದ್ರಿ ಎಂದು ದಬಾಯಿಸಿದ್ದರೆ ಹೇಳಿಬಿಡುತ್ತಿದ್ದೆ ಎಂದುಕೊಂಡ, ಅದೂ ಪೂರ್ತಿ ನಿಜವಲ್ಲ ಎಂದೂ ಗೊತ್ತಿತ್ತು. ದಬಾಯಿಸುವ ಬದಲು ಗಡ್ಡದವನು ಅವನ ಟೇಬಲ್ ಹತ್ತಿರ ಬಂದು, “ನಿಮ್ಮ ಮಾತು ಕೇಳ್ಬೇಕಿತ್ತು ಸಾರ್. ಎಂಬತ್ತೇ ಇದ್ದಿದ್ರೆ ಆ ತುಂಡು ಕೆಳಗಿನ ಸಾಲಿಗೆ ಬರ್ತಿತ್ತು, ಕುರುಡನಿಗೂ ಕಾಣ್ತಿತ್ತು” ಎಂದ. ನಿನ್ನೆ ಮ್ಯಾನೇಜರ್ ಬಂದು ಭುಜ ತಟ್ಟಿದ. “ನಾಳೆ ಮೀಟಿಂಗಲ್ಲಿ ನಿಮ್ಮ ರೂಲ್ ವಾಪಸ್ ತರ್ತೀನಿ. ಆ ಹುಡುಗಿನ ಖಾಯಂ ಮಾಡೋದು ಬೇಡ ಅನ್ಸುತ್ತೆ, ತಿಂಗಳ ಕೊನೆಗೆ ಬಿಟ್ಟುಬಿಡೋಣ. ಏನಂತೀರಿ?” ಅವನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದನ್ನು ಮ್ಯಾನೇಜರ್ ಒಪ್ಪಿಗೆಯೆಂದು ತಗೊಂಡು ಹೋದ.

ನಿನ್ನೆಯೇ ಕಾಫಿ ಮಿಷನ್ನಿನ ಹತ್ತಿರ ಗುಬ್ಬಿ ಅವನ ಎಡಕ್ಕೆ ಬಂದು ನಿಂತಿದ್ದಳು. ಎಡಕ್ಕೆ ನಿಂತವರ ಮುಖ ಅವನಿಗೆ ಮುಖವಾಗಿ ಕಾಣುವುದಿಲ್ಲ, ಕೂದಲಿನ ಒಂದು ಚೌಕಟ್ಟು, ನಡುವೆ ಮಬ್ಬು. ಆ ಮಬ್ಬು ಮಾತಾಡಿತು: “ಸಾರಿ ಸಾರ್. ನೀವು ನನ್ನ ನಂಬಿ ಸರಿ ಒತ್ತಿದ್ರಿ. ಬೇರೆಯವರಾಗಿದ್ರೆ ಹತ್ತು ಸಲ ನೋಡ್ತಿದ್ರು. ನನ್ನಿಂದ ನಿಮ್ಮ ಹೆಸರೂ ಹಾಳಾಯ್ತು.” ಮಿಷನ್ನು ಗರಗರ ಎಂದಿತು. “ಪರವಾಗಿಲ್ಲ” ಎಂದ ಅವನು. ಪರವಾಗಿಲ್ಲ! ಲೋಟ ತುಂಬಿ ಬೆರಳ ಮೇಲೆ ಬಿಸಿ ಕಾಫಿ ಹರಿದಾಗ ಅವಳೇ ಕಾಗದ ತಂದು ಒರೆಸಿದಳು.

ಊಟದ ಹೊತ್ತಿಗೆ ಸ್ಯಾಂಪಲ್ ಕೋಣೆ ಖಾಲಿಯಾಯಿತು. ಅವನು ಡಬ್ಬಿ ತೆರೆಯದೆ ಎದ್ದ. ಬಾಗಿಲ ಹತ್ತಿರ ಫೋನ್ ಹೊಡೆದುಕೊಂಡಿತು, ಹೆಂಡತಿ.

“ಏನ್ರೀ, ಹೇಳಿದ್ರಾ?”

“ಮೀಟಿಂಗ್ ಇನ್ನೂ ಆಗಿಲ್ಲ ಕಣೇ.”

“ಮೀಟಿಂಗಲ್ಲೇ ಹೇಳ್ಬೇಕು ಅಂತ ಏನಿದೆ? ಇಲ್ಲಿ ನೋಡಿದ್ರೆ ಬೆಳಿಗ್ಗೆ ಹಾಲು ಲೋಟದ ಪಕ್ಕಕ್ಕೆ ಸುರಿದು ಹೋಗಿದೀರಿ, ಇರುವೆಗಳ ಜಾತ್ರೆ. ಕಣ್ಣು ಮಂದ ಆಗಿದೆ ಅಂದ್ರೆ ಯಾರೂ ನಗಲ್ಲ ರೀ.”

“ನಗೋದಲ್ಲ ಕಣೇ. ಓದಿ ಸರಿ ಅನ್ನೋದೇ ನನ್ನ ಕೆಲಸ. ಓದೋಕಾಗಲ್ಲ ಅಂದ್ಮೇಲೆ...”

“ಓದೋಕಾಗಲ್ಲ ಅಂತಲ್ಲ, ದೊಡ್ಡದಾಗಿ ಓದ್ತೀನಿ ಅನ್ನಿ. ಊಟ ಮಾಡಿ ಮೊದ್ಲು” ಎಂದು ಅವಳು ಇಟ್ಟುಬಿಟ್ಟಳು. ಅವಳಿಗೆ ಎಲ್ಲ ಇಷ್ಟು ಸಲೀಸು.

ಒಳಗೆ ತಂಪಾಗಿತ್ತು, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಮೊದಲು ಇಪ್ಪತ್ನಾಲ್ಕರ ಮುಂದೆ ಕೂತ. ಹಳೆಯದರ ಅಣ್ಣತಮ್ಮನೇ, ತನ್ನ ಅಕ್ಷರ ಹಾಕಿದರೆ ಎಂಬತ್ತಕ್ಕೇ ಖಲಾಸು. ಇಪ್ಪತ್ತೇಳರದು ತುಂಬ ನವಿರು, ಅಷ್ಟೇ ಜಾಗದಲ್ಲಿ ಇನ್ನಷ್ಟು ಚುಕ್ಕೆ ತುಂಬಿ ಅಕ್ಷರಗಳನ್ನು ರೇಷ್ಮೆ ಮಾಡಿದ್ದರು, ಆದರೆ ರೇಷ್ಮೆ ಎಂದರೆ ಸಣ್ಣ. ಹಿಗ್ಗಿಸಿದರೆ ತೊಂಬತ್ತರ ಆಸುಪಾಸು. ಬಾಗಿದ್ದು ಅಗಲವೇನೋ ಅಗಲ, ನೂರಿಪ್ಪತ್ತು ಆರಾಮಾಗಿ ಹಿಡಿಸಿತು, ಆದರೆ ಅದರ ಎಡತುದಿಯನ್ನು ನೋಡಬೇಕಾದರೆ ಕತ್ತನ್ನೇ ತಿರುಗಿಸಬೇಕು, ತಿರುಗಿಸಿದಾಗ ಮಬ್ಬು ತಾನೂ ತಿರುಗಿ ಮುಂದೆ ಬಂದು ಕೂರುತ್ತಿತ್ತು. ಜೊತೆಗೆ ಎತ್ತರ ಸಾಲದು, ದೊಡ್ಡ ಅಕ್ಷರದ ನಾಲ್ಕು ಸಾಲು ಬಂದರೆ ಮುಗಿಯಿತು. ಮೂವತ್ತೆರಡರ ಮುಂದೆ ಕೂತಾಗ ಮೊದಲು ಅನಿಸಿದ್ದು ಇದು ಪರದೆಯಲ್ಲ, ಕಿಟಕಿ ಎಂದು. ಕನ್ನಡಕದ ಕೆಳಭಾಗದಲ್ಲಿ ಓದುವ ಗಾಜು ಇದ್ದುದರಿಂದ, ಮೇಲಿನ ಸಾಲು ಓದಲು ಗದ್ದ ಎತ್ತಿ ಮುಗಿಲು ನೋಡುವವನ ಹಾಗೆ ಕೂರಬೇಕಾಯಿತು. ಹಿಂದಿನ ಗುಂಡಿ ಒತ್ತಿ ಪರದೆಯನ್ನು ಟೇಬಲ್ಲಿಗೆ ತಾಗುವ ತನಕ ಇಳಿಸಿದ, ಸ್ವಲ್ಪ ಹಿಂದಕ್ಕೆ ಓರೆ ಮಾಡಿದ. ಆಮೇಲೆ ತನ್ನ ಅಳತೆಯ ಅಕ್ಷರ ಹಾಕಿ, ಅದೇ ಸಾಲನ್ನು ತೆರೆದ. ತಲೆಯಿಂದ ಬಾಲದವರೆಗೆ, ಒಂದು ಚೂರೂ ಮುರಿಯದೆ, ಅದು ಅಲ್ಲಿ ಮಲಗಿತ್ತು. ‘ಸದ್ಯಕ್ಕೆ ಹೊಡೆಯಬೇಡ’. ಬೆನ್ನು ನೆಟ್ಟಗಿಟ್ಟುಕೊಂಡೇ ಓದಿದ. ಎಷ್ಟು ಸುಲಭವಾಗಿ ಕಾಣುತ್ತದೆ. ಎರಡು ವರ್ಷದಲ್ಲಿ ಮೊದಲ ಸಲ ಅವನ ಕತ್ತಿನ ಹಿಂದೆ ಒಂದು ಗಂಟು ಸಡಿಲವಾಯಿತು.

ಅಪ್ಪ ದರ್ಜಿ. ಅಮ್ಮ ಊಟದ ಡಬ್ಬಿ ತರುವ ನೆಪದಲ್ಲಿ ಅಂಗಡಿಗೆ ಬಂದು, ಅಪ್ಪ ಗಿರಾಕಿಯ ಕಡೆ ಮುಖ ಮಾಡಿ ನಿಂತಾಗ, ಹಿಂದೆ ಕೂತು ಒಂದೊಂದೇ ಸೂಜಿಗೆ ದಾರ ಪೋಣಿಸಿ ಗೋಡೆಯ ಬಟ್ಟೆಪಟ್ಟಿಗೆ ಚುಚ್ಚಿ ಹೋಗುತ್ತಿದ್ದಳು. ಬೆಳಕು ಸರಿಯಿಲ್ಲ ಈ ಅಂಗಡೀಲಿ, ಎನ್ನುತ್ತಿದ್ದ ಅಪ್ಪ. ಒಂದು ಸಲ ಅಮ್ಮನಿಗೆ ಜ್ವರ. ಇವನು ಶಾಲೆಯಿಂದ ಬರುತ್ತಾ ನೋಡಿದರೆ ಪಟ್ಟಿಯಲ್ಲಿ ದಾರ ಪೋಣಿಸಿದ ಸೂಜಿ ಮುಗಿದಿವೆ, ಗುಂಡಿ ಹಾಕಿಸಿಕೊಳ್ಳಲು ಬಂದ ಗಿರಾಕಿ ಕಾಯುತ್ತಿದ್ದಾನೆ, ಅಪ್ಪ ಕತ್ತರಿ ಹಿಡಿದು ಸುಮ್ಮನೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದರ ಮೊನೆಯಲ್ಲಿ ಏನೋ ದೋಷವಿರುವ ಹಾಗೆ ಹುಡುಕುತ್ತಿದ್ದಾನೆ. ಗಿರಾಕಿ ಎಷ್ಟು ಒಳ್ಳೆಯವನೆಂದರೆ ಕೊನೆಗೆ ನಾಳೆ ಬರ್ತೀನಿ ಎಂದು ಎದ್ದು ಹೋದ. ನಾಳೆ ಬರಲಿಲ್ಲ. ಅಪ್ಪನ ಮೇಲೆ ಆಗ ಬಂದ ಸಿಟ್ಟು ಎಂಥದೆಂದು ಅವನಿಗೆ ಇವತ್ತಿಗೂ...

“ಸಾರ್, ಇದೇನು ಬಸ್ಸಿನ ಬೋರ್ಡಾ?”

ಗಡ್ಡದವನು ಬಾಗಿಲಲ್ಲಿ. ಇವನ ಕೈ ತಾನಾಗಿಯೇ ಹೋಗಿ ಅಕ್ಷರವನ್ನು ಸರಸರ ಕುಗ್ಗಿಸಿತು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಕೈ. “ಡೆಮೋ ಥರ ಹಾಕಿ ನೋಡ್ತಿದ್ದೆ, ದೂರದಿಂದ ಹೇಗೆ ಕಾಣುತ್ತೆ ಅಂತ.”

“ದೂರ ಅಂದ್ರೆ? ಎದುರು ಬಿಲ್ಡಿಂಗಿಂದಾನಾ?” ನಗುತ್ತಾ ಪಕ್ಕದ ಕುರ್ಚಿ ಎಳೆದುಕೊಂಡು ಬಾಗಿದ ಪರದೆಯನ್ನು ಹೊಗಳತೊಡಗಿದ. “ಇಲ್ಲಿ ನೋಡಿ ಸಾರ್, ಮೂರು ಫೈಲ್ ಒಟ್ಟಿಗೆ. ಈ ಮೂಲೇಲಿ ನೋಡಿ, ಎಷ್ಟು ಶಾರ್ಪು.” ಆ ಮೂಲೆಯಲ್ಲಿ ಇವನಿಗೆ ಅಕ್ಷರದ ಬದಲು ಧೂಳು ಕಂಡಿತು. “ಹ್ಞೂಂ, ಚೆನ್ನಾಗಿದೆ” ಎಂದ. “ಏನು ಬರ್ದಿದೆ ಹೇಳಿ ನೋಡೋಣ?” ಎಂದು ಗಡ್ಡದವನು ಆಟಕ್ಕೆ ಕೇಳಿದ. ಇವನು ವಾಚು ನೋಡಿಕೊಂಡ, ಅದೂ ಕಾಣದಿದ್ದರೂ. “ಊಟ ಆಗಿಲ್ಲಪ್ಪ ನನ್ದು” ಎಂದು ಎದ್ದುಬಿಟ್ಟ.

ಡಬ್ಬಿಯ ಮುಂದೆ ಕೂತು ಲೆಕ್ಕ ಹಾಕಿದ. ಲೆಕ್ಕ ಕಷ್ಟದ್ದೇನಲ್ಲ. ಎಂಬತ್ತು ವಾಪಸ್ ಬರುತ್ತದೆ. ಎಂಬತ್ತು ಬಂದ ಮೇಲೆ ಅವನಿಗೆ ಮೂವತ್ತೆರಡೂ ಬೇಡ, ಬಾಗಿದ್ದೂ ಬೇಡ. ಚಿಕ್ಕದೇ ಸಾಕು, ಎಲ್ಲ ಅಂಚಿನೊಳಗೆ. ಇಪ್ಪತ್ನಾಲ್ಕು ಎಂದರೆ ಎಂಬತ್ತು ಸಾರ್ ಎಷ್ಟು ಸರಳ ಎಂದು ಇನ್ನೊಂದು ಹೊಗಳಿಕೆ ಉಚಿತ. ಗುಬ್ಬಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಚುರುಕು ಹುಡುಗಿ. ಸಿಗುವ ಕಡೆ ಇಲ್ಲಿ ಯಾಕೆ ಬಿಡಿಸಿದರು ಎಂದು ಕೇಳುತ್ತಾರೆ. ತಪ್ಪು ಮಾಡಿದೆ ಎಂದು ಅವಳು ಹೇಳುತ್ತಾಳೆ, ಯಾಕೆಂದರೆ ಅವಳು ಹಾಗೆಯೇ ನಂಬಿದ್ದಾಳೆ. ಮಾಡಿದ್ದೂ ಹೌದಲ್ಲ? ತುಂಡು ಅಂಟಿಸಿದ್ದು ಅವಳೇ. ಅವನು ತುತ್ತು ಬಾಯಿಗಿಟ್ಟ. ಅಗಿದ. ಉಪ್ಪು ಸರಿಯಾಗಿತ್ತು. ಎಲ್ಲವೂ ಸರಿಯಾಗಿತ್ತು. ಇನ್ನೊಂದು ತುತ್ತು ತೆಗೆಯದೆ ಡಬ್ಬಿ ಮುಚ್ಚಿದ.

ಮೀಟಿಂಗ್ ಕೋಣೆಯಲ್ಲಿ ಗುಬ್ಬಿ ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದಳು, ಬೇಗ ಎದ್ದು ಹೋಗಲು ಅನುಕೂಲವಾದದ್ದು. ಮ್ಯಾನೇಜರ್ ಸೇಬಿನ ಕತೆಯನ್ನು ಚುಟುಕಾಗಿ ಹೇಳಿ, ಹೆಸರೆತ್ತದೆ, ಆದರೆ ಎಲ್ಲರೂ ಅವಳನ್ನು ನೋಡುವ ಹಾಗೆ, “ಹೊಸಬರು ಜವಾಬ್ದಾರಿ ಕಲೀಬೇಕು” ಎಂದ. “ಇವತ್ತಿಂದ ಮತ್ತೆ ಎಂಬತ್ತು. ನೂರಿಪ್ಪತ್ತು ಕ್ಯಾನ್ಸಲ್. ಎಂಬತ್ತು ಸಾರ್ ಮೊದಲಿಂದ ಹೇಳ್ತಿದ್ರು, ನಾವು ಕೇಳ್ಲಿಲ್ಲ.” ಯಾರೋ ಮೇಜು ತಟ್ಟಿದರು. ಅಷ್ಟರಲ್ಲಿ ಅಡ್ಮಿನ್ ಮೇಡಂ ಒಳಗೆ ಬಂದು, “ಎರಡೇ ನಿಮಿಷ, ಆರ್ಡರ್ ಹೊರಡ್ಬೇಕು” ಎಂದು ಒಬ್ಬೊಬ್ಬರ ಕಡೆ ಬೆರಳು ತೋರಿಸಿದರು. ಇಪ್ಪತ್ತೇಳು. ಬಾಗಿದ್ದು. ಇಪ್ಪತ್ತೇಳು. ಇಪ್ಪತ್ನಾಲ್ಕರವು ಎರಡು. ಗುಬ್ಬಿಯ ಹತ್ತಿರ ಬಂದಾಗ ಬೆರಳು ಅರೆಕ್ಷಣ ನಿಂತು, ಅವಳನ್ನು ದಾಟಿ ಮುಂದಕ್ಕೆ ಹೋಯಿತು. ಗುಬ್ಬಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಅಂದರೆ ಅಡ್ಮಿನ್‌ವರೆಗೂ ಸುದ್ದಿ ಹೋಗಿದೆ, ಅವಳ ಟೇಬಲ್ಲಿಗೆ ಮಾನಿಟರ್ ಬೇಕಿಲ್ಲ. ಆ ದಾಟಿಹೋದ ಬೆರಳು ಈಗ ಅವನ ಎದುರು ನಿಂತಿತ್ತು.

“ಸಾರ್?”

“ಮೂವತ್ತೆರಡು.”

ಕೋಣೆ ಗೊಳ್ಳೆಂದಿತು. “ಎಂಬತ್ತು ಅಕ್ಷರಕ್ಕೆ ಮೂವತ್ತೆರಡು ಇಂಚಾ ಸಾರ್! ಉಳಿದ ಜಾಗದಲ್ಲಿ ಏನು, ತರಕಾರಿ ಬೆಳೀತೀರಾ?” ಎಂದ ಗಡ್ಡದವನು.

ಅವನು ಲ್ಯಾಪ್‌ಟಾಪ್ ತೆರೆದು ಕೋಣೆಯ ಗೋಡೆಪರದೆಯ ತಂತಿ ಸಿಕ್ಕಿಸಲು ನೋಡಿದ. ತೂತು ಸಿಗಲಿಲ್ಲ. ಬೆರಳಲ್ಲಿ ತಡಕಿದ, ತಿರುಗಿಸಿ ಚುಚ್ಚಿದ, ಮತ್ತೆ ತಿರುಗಿಸಿದ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾಗಿ ಕಿವಿ ಬಿಸಿಯಾಯಿತು. ಕೊನೆಗೆ ಕೂತಿತು. ಗೋಡೆಯ ಮೇಲೆ ಅವನ ಪರದೆ ಬಂತು, ಅವನು ದಿನಾ ನೋಡುವ ಹಾಗೆ, ಅವನ ಅಳತೆಯ ಅಕ್ಷರದಲ್ಲಿ, ಆ ಸಾಲು.

ಮ್ಯಾನೇಜರ್ ಸಾಲನ್ನು ಓದಿದ. “ಇದು ತಿದ್ದಿದ ಮೇಲಿನದಾ? ಇದರಲ್ಲಿ ತಪ್ಪೇನಿದೆ? ಸರಿಯಾಗೇ ಇದೆಯಲ್ಲ.”

“ತಿದ್ದಿದ್ದಲ್ಲ, ಅವತ್ತಿಂದೇ. ನನಗೂ ಸರಿಯಾಗೇ ಕಂಡಿತು. ಅದಕ್ಕೇ ಸರಿ ಒತ್ತಿದೆ.”

“ಪಕ್ಕಕ್ಕೆ ಸರಿಸಿ ಸಾರ್, ಬಾಲ ಆಚೆ ಇದೆ” ಎಂದ ಗಡ್ಡದವನು, ಇನ್ನೂ ನಗುವಿನ ಅಂಚಿನಲ್ಲಿ.

“ಅವತ್ತು ನಾನು ಸರಿಸ್ಲಿಲ್ಲ.”

ಗಡ್ಡದವನ ಮುಖದಲ್ಲಿ ಏನಾಯಿತೆಂದು ಅವನಿಗೆ ಕಾಣಲಿಲ್ಲ. ಕಾಣದಿದ್ದುದು ಒಂದು ಉಪಕಾರ. “ಅಕ್ಷರ ಯಾಕೆ ಇಷ್ಟು ದೊಡ್ಡದು?” ಎಂದು ಮ್ಯಾನೇಜರ್ ಕೇಳಿದ, ಧ್ವನಿ ತಗ್ಗಿಸಿ, ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ. ಆ ತಗ್ಗಿದ ಧ್ವನಿಗೇ ಅವನು ಎರಡು ವರ್ಷ ಹೆದರಿದ್ದದ್ದು.

“ಇದಕ್ಕಿಂತ ಚಿಕ್ಕದು ನನಗೆ ಕಾಣಲ್ಲ. ಎರಡು ವರ್ಷ ಆಯ್ತು. ನನ್ನ ಪರದೇಲಿ ಎಂಬತ್ತೇ ಹಿಡಿಸೋದು. ಎಂಬತ್ತರ ಒಳಗಿದ್ದಿದ್ದೆಲ್ಲ ಓದಿದೀನಿ, ಅದ್ರಲ್ಲಿ ಅನುಮಾನ ಇಲ್ಲ. ಈ ತಿಂಗಳದ್ದು ಹೇಳೋಕಾಗಲ್ಲ. ನಾನು ಸರಿ ಒತ್ತಿದ್ದನ್ನೆಲ್ಲ ಮತ್ತೆ ಓದ್ಬೇಕು.” ಒಂದು ಉಸಿರು ತಗೊಂಡು ಸೇರಿಸಿದ, “ಅವಳು ಮರೆತಿದ್ದು ಎಲ್ಲರೂ ಮರೆಯೋ ಅಂಥದ್ದು. ತಡೀಬೇಕಾಗಿದ್ದವನು ನಾನು.”

“ಮೊದಲೇ ಹೇಳಿದ್ರೆ ಏನಾಗ್ತಿತ್ತು ಸಾರ್” ಎಂದ ಮ್ಯಾನೇಜರ್. ಅದು ಪ್ರಶ್ನೆಯಾಗಿರಲಿಲ್ಲ. ಹಣೆ ಉಜ್ಜಿಕೊಂಡು ಯೋಚಿಸಿದ. “ಆಯ್ತು. ಅವಳ ಖಾಯಂ ಕಾಗದ ಮುಂದಕ್ಕೆ ಕಳಿಸ್ತೀನಿ. ಮೇಡಂ, ಅವಳಿಗೂ ಒಂದು ಬರ್ಕೊಳ್ಳಿ. ಆದರೆ ಸಾರ್, ಸದ್ಯಕ್ಕೆ ನೀವೊಬ್ರೇ ಸರಿ ಒತ್ತಿದ್ರೆ ಸಾಕಾಗಲ್ಲ. ಪಕ್ಕದಲ್ಲಿ ಇನ್ನೊಬ್ರು ಕೂತು ನೋಡ್ಬೇಕು, ಬೇಜಾರು ಮಾಡ್ಕೋಬೇಡಿ.”

“ಇಲ್ಲ” ಎಂದ. ಬೇಜಾರಾಯಿತು. ಕಿರಿಯರು ಹೊಸದಾಗಿ ಸೇರಿದಾಗ ಹಾಕುವ ನಿಯಮ ಅದು, ಬರೆದವನೂ ಅವನೇ.

“ನಿಮಗೆ ಗೊತ್ತಿತ್ತು.” ಗುಬ್ಬಿಯ ಧ್ವನಿ, ಬಾಗಿಲ ಕಡೆಯಿಂದ. ಅವಳು ಕೃತಜ್ಞತೆಯಿಂದ ಏನಾದರೂ ಹೇಳುತ್ತಾಳೆ ಎಂದು ಎಲ್ಲೋ ಒಳಗೆ ಕಾದಿದ್ದೆ ಎನ್ನುವುದು ಅವನಿಗೆ ಆ ಧ್ವನಿ ಕೇಳಿದ ಮೇಲೆಯೇ ತಿಳಿಯಿತು. “ನಿನ್ನೆ ಕಾಫಿ ಮಿಷನ್ ಹತ್ರ. ಆವಾಗ್ಲೇ ಗೊತ್ತಿತ್ತಲ್ವಾ?”

“ಹೌದು.”

“ನಾನು ಸಾರಿ ಕೇಳಿದೆ. ನೀವು ಪರವಾಗಿಲ್ಲ ಅಂದ್ರಿ.”

“ಹೌದಮ್ಮ.”

“ಮನೇಲಿ ಅಮ್ಮಂಗೆ ಏನ್ ಹೇಳಿದೀನಿ ಗೊತ್ತಾ? ನಮ್ ಸಾರ್ ದೊಡ್ಡ ಮನುಷ್ಯರು, ಒಂದು ಮಾತೂ ಬೈಲಿಲ್ಲ ಅಂತ.” ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಸದ್ದು ಸ್ವಲ್ಪ ಜೋರಾಗಿಯೇ ಆಯಿತು. ಮಿಕ್ಕವರೆಲ್ಲ ತಂತಮ್ಮ ಫೋನುಗಳನ್ನು ನೋಡಿಕೊಂಡರು. ಅಡ್ಮಿನ್ ಮೇಡಂ ಮೊದಲ ಸಲ ಸದ್ದಿಲ್ಲದೆ ಹೊರಗೆ ಹೋದರು.

ಪಕ್ಕದಲ್ಲಿ ಕೂರುವವರು ಯಾರು ಎಂದು ಮ್ಯಾನೇಜರ್ ಕೇಳಿದಾಗ ಗಡ್ಡದವನಿಗೆ ಬೇರೆ ಕೆಲಸವಿತ್ತು, ಇನ್ನೊಬ್ಬರಿಗೆ ಗಡುವು. “ನಾನು ಕೂರ್ತೀನಿ” ಎಂದಳು ಗುಬ್ಬಿ. ಕರುಣೆಯಿಂದ ಹೇಳಿದ್ದಲ್ಲ, ಅದು ಎಲ್ಲರಿಗೂ ಕೇಳಿಸಿತು.

ಮೀಟಿಂಗ್ ಮುಗಿದ ಮೇಲೆ ಅವಳು ತನ್ನ ಕುರ್ಚಿಯನ್ನು ಕರಕರ ಎಳೆದುಕೊಂಡು ನಾಲ್ಕು ಟೇಬಲ್ ದಾಟಿ ಬಂದಳು. ಎಡಕ್ಕೆ ಕೂತಳು. “ಈ ಕಡೆ ಕೂತ್ರೆ ನನಗೆ ನೀನು ಕಾಣಲ್ಲ” ಎಂದ. “ನನ್ನ ನೋಡೋದು ಬೇಡ, ಪರದೆ ನೋಡಿ” ಎಂದಳು. ಹೊಸ ಮಾನಿಟರ್ ಬರಲು ಇನ್ನೂ ದಿನಗಳಿದ್ದವು. ಹಳೆಯ ಪರದೆಯಲ್ಲಿ ತಿಂಗಳ ಮೊದಲ ಕಡತ ತೆರೆದ. ಕಣ್ಣಲ್ಲೇ ಓದತೊಡಗಿದಾಗ ಅವಳು ತಡೆದಳು.

“ಜೋರಾಗಿ ಓದಿ ಸಾರ್.”

“ಯಾಕೆ?”

“ನೀವು ಎಲ್ಲಿ ತನಕ ಓದಿದ್ರಿ ಅಂತ ನನಗೆ ಗೊತ್ತಾಗ್ಬೇಕಲ್ಲ.”

ಅಕ್ಕಪಕ್ಕದ ಟೇಬಲ್ಲುಗಳಲ್ಲಿ ಕೀಲಿಮಣೆಗಳ ಸದ್ದು ನಿಂತಿತು. ಅವನು ಗಂಟಲು ಸರಿಮಾಡಿಕೊಂಡ. ಮೊದಲ ಸಾಲು ಓದಿದ, ಒಂದನೇ ಕ್ಲಾಸಿನವನ ಹಾಗೆ, ಒಂದೊಂದೇ ಪದ ಬಿಡಿಸಿ, ಕಂಸ ತೆರೆದಿದೆ, ಕಂಸ ಮುಚ್ಚಿದೆ ಎಂದು. ತನ್ನ ಧ್ವನಿ ತನಗೇ ಪರಕೀಯವಾಗಿ ಕೇಳಿಸಿತು. ಎರಡನೆಯದು. ಮೂರನೆಯದು. ಹಿಂದೆ ಯಾರೋ ಹಾದುಹೋಗುತ್ತಾ ನಡಿಗೆ ನಿಧಾನ ಮಾಡಿ, ಮತ್ತೆ ಬೇಗ ಮಾಡಿದರು. ಏಳನೆಯ ಸಾಲು ಉದ್ದದ್ದು. ಅಂಚಿನವರೆಗೆ ಓದಿ, ರೂಢಿಯಂತೆ ನಿಲ್ಲಿಸಿದ, ಅಲ್ಲಿಗೆ ಅರ್ಥವೂ ಪೂರ್ತಿಯಾದ ಹಾಗೇ ಇತ್ತು. ಗುಬ್ಬಿಯ ಉಸಿರಾಟ ಎಡಗಡೆ ಕೇಳುತ್ತಿತ್ತು, ಕಾಯುತ್ತಿತ್ತು. ಅವನು ಮೌಸ್ ಹಿಡಿದು, ಕೆಳಗಿನ ಪಟ್ಟಿಯನ್ನು ತಡಕಿ ಹುಡುಕಿ, ಪಕ್ಕಕ್ಕೆ ಎಳೆದು, ಉಳಿದದ್ದನ್ನೂ ಓದಿದ.

“ಹ್ಞೂಂ” ಎಂದಳು. “ಮುಂದಿನ್ದು.”